ಹಿಡಿದ ಮೊಲಕ್ಕೆ ಮೂರೇ ಕಾಲು

ಪತ್ತೇದಾರಿ ಕಥೆಗಳನ್ನು ಬಿಡದೆ ಓದುವ ಗೆಳೆಯ ಗೆಳತಿಯರಿಗೆ,

ನಿಮ್ಮಲ್ಲಿ ಕೆಲವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದವರು. ಕೆಲವರು ನೇರವಾಗಿ ಷರ್ಲಾಕ್ ಹೋಮ್ಸ್‌ನ ಮನೆಬಾಗಿಲಿಗೇ ಹೋದವರು. ಇನ್ನು ಕೆಲವರು ಅವನನ್ನು ಮೊದಲು ಟೀವಿಯಲ್ಲಿ ನೋಡಿ ಆಮೇಲೆ ಪುಸ್ತಕ ಹಿಡಿದವರು. ದಾರಿ ಬೇರೆಯಾದರೂ ಬಂದು ಸೇರಿದ ಊರು ಒಂದೇ. ಎಲ್ಲೋ ಒಂದು ಕೊಲೆಯಾಯಿತೆಂದು ಪೇಪರಿನಲ್ಲಿ ಬಂದರೆ ಸಾಕು, ಕೈಯಲ್ಲಿನ ಕಾಫಿ ಆರುವುದರೊಳಗೆ ಕೊಂದವರು ಯಾರೆಂದು ಹೇಳಿಬಿಡುತ್ತೀರಿ. ಗಂಡನ ಮುಖ ನೋಡಿದರೇ ಗೊತ್ತಾಗುತ್ತೆ ಅನ್ನುತ್ತೀರಿ. ಅತ್ತೆ ಅಳುವಾಗ ಕಣ್ಣಲ್ಲಿ ನೀರೇ ಇರಲಿಲ್ಲ ಅನ್ನುತ್ತೀರಿ. ಹೋಮ್ಸ್ ಕಲಿಸಿದ ತರ್ಕ ಇದೇ ಎಂದು ನಿಮ್ಮ ನಂಬಿಕೆ.

ನಾನೂ ಪತ್ತೇದಾರಿ ಕಥೆ ಬರೆಯುವ ಕಸುಬಿನವಳು. ನಿಮ್ಮ ಈ ಚಟದಿಂದಲೇ ನನ್ನ ಮನೆಯ ಒಲೆ ಉರಿಯುವುದು, ಆದ್ದರಿಂದ ಬೈಯುವ ಹಕ್ಕು ನನಗಿಲ್ಲ. ಆದರೆ ಹೋಮ್ಸ್‌ನನ್ನು ಹುಟ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರ ಕಥೆಗಳನ್ನು ಓದಿದಷ್ಟೇ ಆಸ್ಥೆಯಿಂದ ಅವರ ಬದುಕನ್ನೂ ಓದಿ ಎಂದು ನಿಮಗೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬುದ್ಧಿವಂತನ ತರ್ಕ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಎನ್ನುವುದು ಅವರ ಕಥೆಗಳಿಗಿಂತ ಅವರ ಬದುಕಿನಲ್ಲೇ ಚೆನ್ನಾಗಿ ಕಾಣುತ್ತದೆ.

ಮೊದಲು ಒಂದು ಟೋಪಿಯನ್ನು ನೋಡೋಣ. 1892ರಲ್ಲಿ ಪ್ರಕಟವಾದ ‘ಬ್ಲೂ ಕಾರ್ಬಂಕಲ್’ ಕಥೆಯಲ್ಲಿ ಹೋಮ್ಸ್‌ನ ಕೈಗೆ ಯಾರದೋ ಹಳೆಯ ಟೋಪಿ ಸಿಗುತ್ತದೆ. ಅದನ್ನು ಅತ್ತಿತ್ತ ತಿರುಗಿಸಿ ನೋಡಿ ಒಡೆಯನ ಜಾತಕವನ್ನೇ ಬರೆದುಬಿಡುತ್ತಾನೆ. ಟೋಪಿ ದೊಡ್ಡದು, ಅಂದಮೇಲೆ ತಲೆ ದೊಡ್ಡದು, ಅಂದಮೇಲೆ ಬುದ್ಧಿವಂತ. ಮೂರು ವರ್ಷದ ಹಿಂದೆ ದುಬಾರಿ ಟೋಪಿ ಕೊಂಡವನು ಆಮೇಲೆ ಹೊಸದು ಕೊಂಡಿಲ್ಲ, ಅಂದಮೇಲೆ ಕೈ ಬರಿದಾಗಿದೆ. ವಾರಗಟ್ಟಲೆ ಅದಕ್ಕೆ ಬ್ರಷ್ ತಾಗಿಲ್ಲ, ಅಂದಮೇಲೆ ಹೆಂಡತಿಗೆ ಅವನ ಮೇಲೆ ಪ್ರೀತಿ ಉಳಿದಿಲ್ಲ. ಮೇಣದಬತ್ತಿಯ ಕಲೆಗಳಿವೆ, ಅಂದಮೇಲೆ ಮನೆಯಲ್ಲಿ ಗ್ಯಾಸ್ ದೀಪ ಇಲ್ಲ. ವಾಟ್ಸನ್ ಬೆರಗಾಗುತ್ತಾನೆ, ಅವನ ಜೊತೆ ನಾವೂ. ಆಮೇಲೆ ಒಡೆಯ ಬಂದು ನಿಂತಾಗ ಹೋಮ್ಸ್ ಹೇಳಿದ್ದಕ್ಕೂ ಅವನಿಗೂ ಸರಿಯಾಗಿ ತಾಳೆಯಾಗುತ್ತದೆ.

ತಾಳೆಯಾಗದೆ ಏನು? ಟೋಪಿಯನ್ನೂ ಒಡೆಯನನ್ನೂ ಮಾಡಿದ ಕೈ ಒಂದೇ. ಹೊರಗಿನ ಪ್ರಪಂಚದಲ್ಲಾದರೆ ಆ ಹೆಂಡತಿ ಹಾಸಿಗೆ ಹಿಡಿದಿರಬಹುದು, ತವರಿಗೆ ಹೋಗಿರಬಹುದು. ಟೋಪಿಯನ್ನು ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡಿರಬಹುದು, ಮೇಣದ ಕಲೆ ಹಿಂದಿನ ಒಡೆಯನದಾಗಿರಬಹುದು. ದೊಡ್ಡ ತಲೆಯವರೆಲ್ಲ ಬುದ್ಧಿವಂತರೆಂಬ ಮಾತಿಗಂತೂ ನಿಮ್ಮ ನಮ್ಮ ನೆಂಟರಲ್ಲೇ ಬೇಕಾದಷ್ಟು ಅಪವಾದಗಳಿವೆ. ನಾವು ಈ ಕಥೆಗಳನ್ನು ಬರೆಯುವುದು ಕೊನೆಯಿಂದ ಹಿಂದಕ್ಕೆ. ಕೊಂದವರು ಯಾರೆಂದು ನಮಗೆ ಮೊದಲೇ ಗೊತ್ತು. ಅಲ್ಲಿಂದ ಹಿಂದಕ್ಕೆ ನಡೆಯುತ್ತ, ಬೇರೆ ಅರ್ಥ ಹುಟ್ಟಬಹುದಾದ ಕಡೆಯೆಲ್ಲ ಒಂದೊಂದೇ ಬಾಗಿಲು ಮುಚ್ಚುತ್ತ ಬರುತ್ತೇವೆ. ಓದುಗರು ಬರುವ ಹೊತ್ತಿಗೆ ತೆರೆದಿರುವುದು ಒಂದೇ ಬಾಗಿಲು. ಅದರಲ್ಲಿ ನುಸುಳಿ ಹೋದವರಿಗೆ ದಾರಿಯನ್ನು ತಾವೇ ಕಂಡುಹಿಡಿದೆವೆಂಬ ಹೆಮ್ಮೆ. ನಾವು ಮಾರುವ ಸರಕು ಆ ಹೆಮ್ಮೆಯೇ.

ಹೋಮ್ಸ್‌ಗೆ ಮಾದರಿಯಾದ ಡಾ. ಜೋಸೆಫ್ ಬೆಲ್ ಅವರ ಕಥೆ ಬೇರೆ. ಡಾಯ್ಲ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುವಾಗ ಬೆಲ್ ಅವರ ಹೊರರೋಗಿ ವಿಭಾಗದಲ್ಲಿ ಸಹಾಯಕರಾಗಿದ್ದರು. 1924ರ ಆತ್ಮಕಥೆಯಲ್ಲಿ ಒಂದು ಪ್ರಸಂಗ ನೆನೆಯುತ್ತಾರೆ. ಒಬ್ಬ ರೋಗಿ ಒಳಗೆ ಬರುತ್ತಾನೆ. ಅವನನ್ನು ನೋಡುತ್ತಲೇ ಬೆಲ್, ನೀನು ಸೈನ್ಯದಲ್ಲಿದ್ದೆ, ಬಿಟ್ಟು ಬಹಳ ದಿನವಾಗಿಲ್ಲ, ಹೈಲ್ಯಾಂಡ್ ರೆಜಿಮೆಂಟಿನವನು, ಬಾರ್ಬಡೋಸ್‌ನಲ್ಲಿದ್ದೆ ಎಂದು ಒಂದೊಂದಾಗಿ ಹೇಳುತ್ತಾರೆ. ಎಲ್ಲಕ್ಕೂ ಅವನದು ಹೌದು, ಹೌದು. ಮರ್ಯಾದಸ್ಥನಾದರೂ ಟೋಪಿ ತೆಗೆಯದೆ ನಿಂತದ್ದು ಸೈನ್ಯದ ರೂಢಿ. ಬಿಟ್ಟು ಬಹಳ ಕಾಲವಾಗಿದ್ದರೆ ಊರವರ ರೀತಿ ಕಲಿತಿರುತ್ತಿದ್ದ. ತೋರಿಸಿಕೊಳ್ಳಲು ಬಂದದ್ದು ಆನೆಕಾಲು ರೋಗವನ್ನು, ಅದು ಬ್ರಿಟನ್ನಿನದಲ್ಲ, ವೆಸ್ಟ್ ಇಂಡೀಸಿನದು. ಇಲ್ಲಿ ಬೆರಗಿಗಿಂತ ಮುಖ್ಯವಾದದ್ದು ಎರಡಿದೆ. ಯಾವ ರೋಗ ಯಾವ ಸೀಮೆಯದು ಎಂಬ ತಿಳಿವಳಿಕೆಯನ್ನು ಬೆಲ್ ವರ್ಷಗಟ್ಟಲೆ ಕೂಡಿಟ್ಟಿದ್ದರು, ಅದು ಕಣ್ಣೋಟದಿಂದ ಬಂದದ್ದಲ್ಲ. ಇನ್ನೊಂದು, ರೋಗಿ ಅಲ್ಲೇ ಎದುರಿಗಿದ್ದ. ಊಹೆ ತಪ್ಪಿದ್ದರೆ ವಿದ್ಯಾರ್ಥಿಗಳ ಮುಂದೆಯೇ ಅರೆ ನಿಮಿಷದಲ್ಲಿ ಬಯಲಾಗುತ್ತಿತ್ತು. ಪೇಪರಿನಲ್ಲಿ ಫೋಟೊ ನೋಡಿ ತೀರ್ಪು ಕೊಡುವ ನಿಮಗೆ ಆ ಅಂಜಿಕೆ ಇಲ್ಲ.

ಈಗ ಜಾರ್ಜ್ ಎಡಲ್ಜಿಯ ವಿಷಯ. ನನ್ನ ಮಟ್ಟಿಗೆ ಇದು ಡಾಯ್ಲ್ ಅವರ ಎಲ್ಲ ಕಥೆಗಳಿಗಿಂತ ದೊಡ್ಡದು.

ಜಾರ್ಜನ ತಂದೆ ಶಾಪುರ್‌ಜಿ ಎಡಲ್ಜಿ ಮುಂಬಯಿಯ ಪಾರ್ಸಿ. ಕ್ರೈಸ್ತರಾಗಿ, ಇಂಗ್ಲೆಂಡಿಗೆ ಹೋಗಿ, ಸ್ಟಾಫರ್ಡ್‌ಷೈರಿನ ಗ್ರೇಟ್ ವೈರ್ಲಿ ಎಂಬ ಹಳ್ಳಿಯ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ತಾಯಿ ಇಂಗ್ಲಿಷ್ ಹೆಂಗಸು. ಜಾರ್ಜ್ ಬರ್ಮಿಂಗ್‌ಹ್ಯಾಮಿನಲ್ಲಿ ಸಾಲಿಸಿಟರ್, ರೈಲು ಪ್ರಯಾಣಿಕರಿಗಾಗಿ ಕಾನೂನಿನ ಒಂದು ಕೈಪಿಡಿಯನ್ನೂ ಬರೆದವನು. 1903ರಲ್ಲಿ ಆ ಊರಿನ ಸುತ್ತಮುತ್ತ ಯಾರೋ ರಾತ್ರಿ ಹೊತ್ತು ಕುದುರೆ, ದನ, ಕುರಿಗಳ ಹೊಟ್ಟೆ ಸೀಳತೊಡಗಿದರು. ಇದು ಎಡಲ್ಜಿಯ ಕೆಲಸ ಎಂದು ಪೊಲೀಸರಿಗೆ ಅನಾಮಧೇಯ ಪತ್ರಗಳು ಬಂದವು. ಪೊಲೀಸರಿಗೆ ಪತ್ರ ಬೇಕಾಗಿಯೂ ಇರಲಿಲ್ಲ. ಹತ್ತು ವರ್ಷದ ಹಿಂದೆ ಪಾದ್ರಿಯ ಮನೆಗೇ ಅನಾಮಧೇಯ ಪತ್ರಗಳ ಕಾಟವಿದ್ದ ಕಾಲದಲ್ಲಿ ವಾಲ್ಸಾಲಿನ ಶಾಲೆಯೊಂದರ ಬೀಗದ ಕೈ ಅವರ ಮನೆಯ ಮೆಟ್ಟಿಲ ಮೇಲೆ ಸಿಕ್ಕಿತ್ತು. ಅದನ್ನು ತಂದಿಟ್ಟದ್ದು ಜಾರ್ಜನೇ, ಅವನು ಏನು ಹೇಳಿದರೂ ನಂಬುವುದಿಲ್ಲ ಎಂದು ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಆನ್ಸನ್ ಅಂದೇ ತೀರ್ಮಾನ ಮಾಡಿಕೊಂಡಿದ್ದರು.

ಆ ತೀರ್ಮಾನದ ಮೇಲೆ ಮಿಕ್ಕ ಗೋಡೆಗಳು ಹೇಗೆ ಎದ್ದವು ನೋಡಿ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಗಣಿಯ ಕುದುರೆಯೊಂದು ಹೊಟ್ಟೆ ಸೀಳಿಸಿಕೊಂಡು ಬಿದ್ದಿತ್ತು. ಜಾರ್ಜ್ ಹಿಂದಿನ ಸಂಜೆ ಈ ಕೆಲಸ ಮಾಡಿದ ಎಂದು ಪೊಲೀಸರು ಮೊದಲು ಹೇಳಿದರು. ಗಾಯ ಅಷ್ಟು ಹಳೆಯದಲ್ಲ ಎಂದು ಪಶುವೈದ್ಯರು ಹೇಳಿದ ಮೇಲೆ ಸಂಜೆಯನ್ನು ಬಿಟ್ಟು ನಡುರಾತ್ರಿಯ ನಂತರಕ್ಕೆ ಬಂದರು. ಆ ರಾತ್ರಿ ಜಾರ್ಜ್ ಮಲಗಿದ್ದದ್ದು ತಂದೆಯ ಕೋಣೆಯಲ್ಲೇ, ಬಾಗಿಲಿಗೆ ಬೀಗ ಹಾಕಿ. ಪೊಲೀಸರದೇ ಕಾವಲೂ ಮನೆಯ ಮೇಲಿತ್ತು. ಅವನ ಕೋಟಿನ ಮೇಲೆ ಕುದುರೆಯ ಕೂದಲು ಸಿಕ್ಕಿತೆಂದರು. ಸತ್ತ ಕುದುರೆಯ ಚರ್ಮದ ತುಂಡನ್ನೂ ಆ ಕೋಟನ್ನೂ ಒಟ್ಟಿಗೆ ಸಾಗಿಸಿದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ. ಅವನು ಜೈಲಿನಲ್ಲಿದ್ದಾಗಲೇ ಇನ್ನೊಂದು ಕುದುರೆ ಹೀಗೇ ಸತ್ತಿತು. ಯಾರಿಗಾದರೂ ಇಲ್ಲಿ ಅನುಮಾನ ಬರಬೇಕಿತ್ತು. ಇವನದೊಂದು ಗ್ಯಾಂಗಿದೆ, ಇವನನ್ನು ಬಿಡಿಸಲು ಅವರೇ ಮಾಡಿದ್ದು ಎಂಬ ಉತ್ತರ ಬಂತು. ಬಂಧಿಸಲು ಬಂದಾಗ ಜಾರ್ಜ್, ನನಗೇನೂ ಆಶ್ಚರ್ಯವಿಲ್ಲ, ಇದನ್ನು ಕಾಯುತ್ತಲೇ ಇದ್ದೆ ಎಂದಿದ್ದ. ಅದೂ ಅವನಿಗೆ ಉರುಳಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ನಾವು ವಿಪರೀತ ನೆಚ್ಚಿಕೊಂಡಿದ್ದೇವೆ. ನನ್ನ ಕಥೆಗಳಲ್ಲೂ ಅದರ ಕೆಲಸ ದೊಡ್ಡದು, ಸುಳ್ಳು ಯಾಕೆ ಹೇಳಲಿ. ಆದರೆ ಹೆಗಲು ಮುಟ್ಟಿಕೊಳ್ಳುವವನು ಕದ್ದವನೇ ಆಗಬೇಕಿಲ್ಲ. ಹಿಂದೊಮ್ಮೆ ಕದಿಯದೆಯೇ ಒದೆ ತಿಂದವನೂ ಮುಟ್ಟಿಕೊಳ್ಳುತ್ತಾನೆ. ಊರೆಲ್ಲ ತನ್ನ ಕಡೆ ಬೆರಳು ತೋರಿಸುವುದನ್ನು ತಿಂಗಳುಗಟ್ಟಲೆ ನೋಡಿದ ಕಪ್ಪು ಪಾದ್ರಿಯ ಮಗ, ಪೊಲೀಸರು ಬಂದಾಗ ಆಶ್ಚರ್ಯದ ನಟನೆ ಮಾಡಬೇಕಿತ್ತೇ? ಅಳುವವರಲ್ಲಿ ಕಣ್ಣೀರು ಕಾಣಲಿಲ್ಲ ಎಂದು ಹೇಳುವ ಮೊದಲು ಈ ಪ್ರಶ್ನೆಗೆ ನೀವು ಉತ್ತರ ಹುಡುಕಬೇಕು.

ಏಳು ವರ್ಷದ ಕಠಿಣ ಶಿಕ್ಷೆಯಾಯಿತು. ಹತ್ತು ಸಾವಿರ ಜನ ಸಹಿ ಹಾಕಿದ ಮನವಿ ಹೋಯಿತು. ಮೂರು ವರ್ಷ ಕಳೆದ ಮೇಲೆ, 1906ರ ಅಕ್ಟೋಬರಿನಲ್ಲಿ, ಕಾರಣವನ್ನೇ ಹೇಳದೆ ಬಿಟ್ಟುಬಿಟ್ಟರು. ಕ್ಷಮಾದಾನವಿಲ್ಲ, ವಕೀಲಿಗೆ ಮರಳುವಂತಿಲ್ಲ. ಜಾರ್ಜ್ ತನ್ನ ಪ್ರಕರಣದ ಬರಹಗಳನ್ನು ಡಾಯ್ಲ್ ಅವರಿಗೆ ಕಳಿಸಿದ. 1907ರ ಜನವರಿಯಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸಿನ ಹೋಟೆಲೊಂದರಲ್ಲಿ ಭೇಟಿಯೆಂದು ನಿಗದಿಯಾಯಿತು. ಡಾಯ್ಲ್ ಹೋಗುವುದು ಸ್ವಲ್ಪ ತಡವಾಯಿತು. ಜಾರ್ಜ್ ಕುಳಿತು ಪೇಪರು ಓದುತ್ತಿದ್ದ. ಪೇಪರು ಕಣ್ಣಿಗೆ ತಾಗುವಷ್ಟು ಹತ್ತಿರ, ಅದೂ ಸ್ವಲ್ಪ ಓರೆಯಾಗಿ. ಡಾಯ್ಲ್ ಹತ್ತಿರ ಹೋಗಿ ಮಾತಾಡಿಸುವ ಮೊದಲೇ ಅರ್ಧ ಪ್ರಕರಣ ಮುಗಿದಿತ್ತು. ಮುಂದೆ ಪರೀಕ್ಷೆ ಮಾಡಿಸಿದಾಗ ಎಂಟು ಡಯಾಪ್ಟರಿನ ಸಮೀಪದೃಷ್ಟಿ ಎಂದು ಗೊತ್ತಾಯಿತು. ಇಂಥ ಕಣ್ಣಿನವನು ಮಳೆಯ ಕತ್ತಲಲ್ಲಿ ರೈಲು ಹಳಿ ದಾಟಿ, ಬೇಲಿ ಹತ್ತಿ ಇಳಿದು, ಕಾವಲಿನವರ ಕಣ್ಣು ತಪ್ಪಿಸಿ ಹೋಗಿ ಕುದುರೆಯನ್ನು ಹುಡುಕಿ ಕೊಂದು ಬರಲು ಸಾಧ್ಯವೇ?

ಡಾಯ್ಲ್ ಕಣ್ಣಿನ ವೈದ್ಯಕೀಯ ಓದಿದ್ದರು. 1891ರಲ್ಲಿ ಲಂಡನ್ನಿನಲ್ಲಿ ಅಂಗಡಿ ತೆರೆದು ಕೂತರೆ ಒಬ್ಬನೇ ಒಬ್ಬ ರೋಗಿ ಬರಲಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ಆ ಖಾಲಿ ಹೊತ್ತಿನಲ್ಲಿ ಹೋಮ್ಸ್ ಕಥೆಗಳನ್ನು ಬರೆದರು. ರೋಗಿಗಳಿಗೆ ಉಪಯೋಗಕ್ಕೆ ಬಾರದ ಆ ವಿದ್ಯೆ ಹದಿನಾರು ವರ್ಷದ ಮೇಲೆ ಒಬ್ಬ ವಕೀಲನ ಮಾನ ಉಳಿಸಿತು.

ಅವರು ಡೈಲಿ ಟೆಲಿಗ್ರಾಫ್‌ನಲ್ಲಿ ಬರೆದರು, ಗದ್ದಲವೆದ್ದಿತು, ಮೂವರ ಸಮಿತಿ ಕೂತಿತು. ಪ್ರಾಣಿಗಳನ್ನು ಸೀಳಿದ ಆರೋಪದಿಂದ ಜಾರ್ಜನಿಗೆ ಕ್ಷಮಾದಾನ ಸಿಕ್ಕಿತು, ಆದರೆ ಅನಾಮಧೇಯ ಪತ್ರಗಳನ್ನು ಬರೆದವನು ಅವನೇ, ಹಾಗಾಗಿ ತನ್ನ ಗತಿಯನ್ನು ತಾನೇ ತಂದುಕೊಂಡ, ಪರಿಹಾರ ಇಲ್ಲ ಎಂದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪೀಲು ನ್ಯಾಯಾಲಯದ ಕಾನೂನು ಬಂದುದರ ಹಿಂದೆ ಈ ಪ್ರಕರಣದ ಪಾಲೂ ಇದೆ.

ನೀವು ಇಲ್ಲಿಗೆ ಚಪ್ಪಾಳೆ ಹೊಡೆದು ಪುಸ್ತಕ ಮುಚ್ಚುತ್ತೀರಿ. ನಾನು ಮುಂದಿನ ಪುಟದ ಬಗ್ಗೆ ಹೇಳಬೇಕೆಂದೇ ಈ ಪತ್ರ ಬರೆಯುತ್ತಿರುವುದು. ಜಾರ್ಜ್ ಅಲ್ಲವೆಂದ ಮೇಲೆ ಯಾರು ಎಂದು ಡಾಯ್ಲ್ ಹುಡುಕಹೊರಟರು. ಒಬ್ಬ ಸಿಕ್ಕಿದ. ಆ ವಾಲ್ಸಾಲ್ ಶಾಲೆಯಲ್ಲೇ ಓದಿದ ತುಂಟ. ಕಸಾಯಿ ಅಂಗಡಿಯಲ್ಲಿ ಕೆಲಸ ಕಲಿತವನು. ಜಾನುವಾರು ಸಾಗಿಸುವ ಹಡಗಿನಲ್ಲಿ ದುಡಿದವನು. ಕುದುರೆಗೆ ಬಳಸುವ ದೊಡ್ಡ ಶಸ್ತ್ರವೊಂದು ಅವನ ಬಳಿ ಇತ್ತಂತೆ. ಎಲ್ಲವೂ ಹೊಂದುತ್ತದೆ. ಇವನೇ ಎಂದು ಡಾಯ್ಲ್ ಸರ್ಕಾರಕ್ಕೆ ಬರೆದರು, ಸರ್ಕಾರ ಒಪ್ಪಲಿಲ್ಲ. ಒಪ್ಪದಿದ್ದದ್ದು ಸರಿಯೇ ಎಂದು ನನ್ನ ಅನಿಸಿಕೆ. ಯೋಚಿಸಿ: ಶಾಲೆ, ನಡತೆ, ಕಸುಬು, ಕೈಯಲ್ಲಿದ್ದ ಆಯುಧ ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ಮನುಷ್ಯನೊಬ್ಬನನ್ನು ಅಪರಾಧಿ ಮಾಡುವ ಈ ಕೆಲಸ ಆನ್ಸನ್ ಮಾಡಿದ್ದಕ್ಕಿಂತ ಯಾವ ರೀತಿಯಲ್ಲಿ ಬೇರೆ? ಜಾರ್ಜನನ್ನು ಬಿಡಿಸಿದ್ದು ಅವನ ಕಣ್ಣು. ಅಳೆದು ನೋಡಬಹುದಾದ, ಬೇಡದವರೂ ಒಪ್ಪಲೇಬೇಕಾದ ಸಂಗತಿ ಅದು. ಎರಡನೆಯವನನ್ನು ಹಿಡಿದದ್ದು ಒಂದು ಚೆಂದದ ಕಥೆ. ಡಾಯ್ಲ್ ಅವರಿಗೆ ಎರಡರ ನಡುವಿನ ಅಂತರ ಕಾಣಲಿಲ್ಲ.

ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಎಂದು ನಮ್ಮಲ್ಲಿ ಕೇಳುವವರಿದ್ದಾರೆ. ನಮ್ಮ ನ್ಯಾಯಶಾಸ್ತ್ರದವರು ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿ ಊಹಿಸುವ ಉದಾಹರಣೆಯನ್ನು ಸವೆದುಹೋಗುವಷ್ಟು ಬಳಸಿದವರು. ಕಂಡದ್ದು ಹೊಗೆಯೋ ಮಂಜೋ ಎಂದು ಮೊದಲು ಗೊತ್ತುಮಾಡಿಕೋ ಎಂದವರೂ ಅವರೇ.

ಗ್ಲಾಸ್ಗೋದ ಆಸ್ಕರ್ ಸ್ಲೇಟರ್ ಪ್ರಕರಣದಲ್ಲಿ ಮಂಜನ್ನೇ ಹೊಗೆ ಎಂದುಕೊಂಡರು. 1908ರ ಡಿಸೆಂಬರಿನಲ್ಲಿ ಮ್ಯಾರಿಯನ್ ಗಿಲ್‌ಕ್ರಿಸ್ಟ್ ಎಂಬ ಎಂಬತ್ತು ದಾಟಿದ ಶ್ರೀಮಂತೆಯ ಕೊಲೆಯಾಯಿತು. ಒಂದು ವಜ್ರದ ಬ್ರೂಚು ಕಾಣೆ. ಜರ್ಮನಿಯಿಂದ ಬಂದ ಯೆಹೂದಿ ಸ್ಲೇಟರ್ ಒಂದು ಬ್ರೂಚಿನ ಗಿರವಿ ಚೀಟಿ ಮಾರಲು ಓಡಾಡುತ್ತಿದ್ದ. ಆ ಬ್ರೂಚೇ ಬೇರೆ, ಅದನ್ನು ಗಿರವಿ ಇಟ್ಟದ್ದೂ ಕೊಲೆಗೆ ವಾರಗಟ್ಟಲೆ ಮೊದಲು ಎಂದು ಪೊಲೀಸರಿಗೆ ಬೇಗನೆ ಗೊತ್ತಾಯಿತು. ಸುಳಿವು ಸತ್ತಿತು, ಆದರೆ ಆ ಸುಳಿವು ಹುಟ್ಟಿಸಿದ ಅನುಮಾನ ಮಾತ್ರ ಉಳಿಯಿತು. ಅಷ್ಟರಲ್ಲಿ ಅವನು ನ್ಯೂಯಾರ್ಕಿನ ಹಡಗು ಹತ್ತಿದ್ದ, ಓಡಿಹೋದ ಎಂದರು. ಆಮೇಲೆ ತಾನಾಗಿಯೇ ಒಪ್ಪಿ ವಿಚಾರಣೆಗೆ ವಾಪಸು ಬಂದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಗಲ್ಲು ಶಿಕ್ಷೆ ಜೀವಾವಧಿಯಾಯಿತು. 1912ರಲ್ಲಿ ಡಾಯ್ಲ್ ಅವನ ಪರವಾಗಿ ಪುಸ್ತಕವನ್ನೇ ಬರೆದರು. 1925ರಲ್ಲಿ ಬಿಡುಗಡೆಯಾದ ಕೈದಿಯೊಬ್ಬ ಸ್ಲೇಟರ್ ಬರೆದ ಚೀಟಿಯನ್ನು ಬಾಯಲ್ಲಿ ಬಚ್ಚಿಟ್ಟು ಡಾಯ್ಲ್ ಅವರಿಗೆ ತಂದುಕೊಟ್ಟ. ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು 1927ರಲ್ಲಿ ಹೊರಗೆ ಬಂದ, ಮರುವರ್ಷ ತೀರ್ಪು ರದ್ದಾಯಿತು, ಆರು ಸಾವಿರ ಪೌಂಡ್ ಪರಿಹಾರ ಸಿಕ್ಕಿತು. ಅದರಲ್ಲಿ ಹೋರಾಟದ ಖರ್ಚು ಕೊಡು ಎಂದು ಡಾಯ್ಲ್ ಕೇಳಿದರು, ಅವನು ಕೊಡುವುದಿಲ್ಲ ಎಂದ, ಇಬ್ಬರೂ ಜಗಳವಾಡಿಕೊಂಡರು. ಬಿಡಿಸಿದವನಿಗೆ ಬಿಡುಗಡೆಯಾದವನು ಕೃತಜ್ಞನಾಗಿರಬೇಕೆಂದು ಬಯಸುವ ಕಥೆಗಾರರು ಈ ಕೊನೆಯನ್ನು ಬರೆಯುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದ ಮನುಷ್ಯ 1920ರಲ್ಲಿ ಕಿನ್ನರಿಯರನ್ನು ನಂಬಿದರು. ನಗಬೇಡಿ, ಸ್ವಲ್ಪ ತಾಳಿ.

ಯಾರ್ಕ್‌ಷೈರಿನ ಕಾಟಿಂಗ್ಲಿಯಲ್ಲಿ ಹದಿನಾರರ ಎಲ್ಸಿ ರೈಟ್ ಮತ್ತು ಅವಳಿಗಿಂತ ಬಹಳ ಚಿಕ್ಕವಳಾದ ಸೋದರಸಂಬಂಧಿ ಫ್ರಾನ್ಸಿಸ್. ಫ್ರಾನ್ಸಿಸ್ ದಿನಾ ಹೊಳೆಗೆ ಇಳಿದು ಬಟ್ಟೆ ಬೂಟು ಒದ್ದೆ ಮಾಡಿಕೊಂಡು ಬಂದು ಬೈಸಿಕೊಳ್ಳುತ್ತಿದ್ದಳು. ಅಲ್ಲಿ ಕಿನ್ನರಿಯರಿದ್ದಾರೆ, ನೋಡಲು ಹೋಗುತ್ತೇನೆ ಎಂದಳು. ದೊಡ್ಡವರು ನಕ್ಕರು. 1917ರಲ್ಲಿ ಎಲ್ಸಿ ಅಪ್ಪನ ಕ್ಯಾಮರಾ ಎರವಲು ಪಡೆದಳು. ಪುಸ್ತಕವೊಂದರ ಚಿತ್ರ ನೋಡಿ ಬರೆದ ಕಿನ್ನರಿಯರನ್ನು ಕತ್ತರಿಸಿ, ಟೋಪಿಯ ಪಿನ್ನಿನಿಂದ ನಿಲ್ಲಿಸಿ, ಫೋಟೊ ತೆಗೆದರು. ಮನೆಯವರ ಬಾಯಿ ಮುಚ್ಚಿಸಲು ಮಾಡಿದ ಚೇಷ್ಟೆ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದವರ ಕೈಗೆ ಹೋಗಿ, ಅಲ್ಲಿಂದ ಡಾಯ್ಲ್ ಅವರನ್ನು ತಲುಪಿತು. ಕೊಡಕ್ ಕಂಪನಿಯವರು ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಇನ್ನೊಬ್ಬ ತಜ್ಞರು ಅಸಲಿ ಎಂದರು. ಡಾಯ್ಲ್ ಎರಡನೆಯ ಮಾತನ್ನು ಹಿಡಿದುಕೊಂಡರು. ಹುಡುಗಿಯರ ಮನೆಗೆ ತಾವು ಹೋಗಲಿಲ್ಲ, ಥಿಯಾಸಫಿಯ ಎಡ್ವರ್ಡ್ ಗಾರ್ಡ್‌ನರ್ ಅವರನ್ನು ಕಳಿಸಿದರು. ದುಡಿಯುವ ವರ್ಗದವರ ಮಕ್ಕಳಿಗೆ ಇಂಥ ಕೈಚಳಕ ಎಲ್ಲಿಂದ ಬರಬೇಕು ಎನ್ನುವುದು ಅವರ ವಾದದ ಒಂದು ಕಂಬ. ಎಲ್ಸಿ ಫೋಟೊ ಸ್ಟುಡಿಯೊ ಒಂದರಲ್ಲಿ ಕೆಲಸ ಮಾಡಿದವಳು, ಚೆನ್ನಾಗಿ ಚಿತ್ರ ಬರೆಯುತ್ತಿದ್ದಳು. 1920ರ ಡಿಸೆಂಬರಿನ ಸ್ಟ್ರಾಂಡ್ ಪತ್ರಿಕೆಯಲ್ಲಿ, ಅಂದರೆ ಹೋಮ್ಸ್ ಬೆಳೆದ ಮನೆಯಲ್ಲೇ, ಆ ಚಿತ್ರಗಳು ಡಾಯ್ಲ್ ಅವರ ಲೇಖನದೊಂದಿಗೆ ಅಚ್ಚಾದವು. ಹುಡುಗಿಯರು ನಕಲು ಮಾಡಿದ್ದು ‘ಪ್ರಿನ್ಸೆಸ್ ಮೇರೀಸ್ ಗಿಫ್ಟ್ ಬುಕ್’ ಎಂಬ ಪುಸ್ತಕದ ಚಿತ್ರಗಳನ್ನು. ಅದೇ ಪುಸ್ತಕದಲ್ಲಿ ಡಾಯ್ಲ್ ಅವರದೂ ಒಂದು ಕಥೆಯಿತ್ತು. ಇದನ್ನು ನಾನು ಕಥೆಯಲ್ಲಿ ಬರೆದರೆ ಸಂಪಾದಕರು, ಅತಿಯಾಯಿತಮ್ಮ, ತೆಗೆಯಿರಿ ಅನ್ನುತ್ತಾರೆ.

1983ರಲ್ಲಿ, ಅಜ್ಜಿಯರಾದ ಮೇಲೆ, ಇಬ್ಬರೂ ನಿಜ ಹೇಳಿದರು. ಷರ್ಲಾಕ್ ಹೋಮ್ಸ್ ಬರೆದವರನ್ನು ಮೋಸಪಡಿಸಿದೆವು ಎಂದು ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆವು ಎನ್ನುವುದು ಎಲ್ಸಿ ಕೊಟ್ಟ ಕಾರಣ. ಕಪಟಿಗಳ ಮೋಸ ಇದಾಗಿದ್ದರೆ ಬಹುಶಃ ಇಷ್ಟು ದಿನ ಉಳಿಯುತ್ತಿರಲಿಲ್ಲ. ಮರ್ಯಾದೆಗೆ ಅಂಜುವ ಇಬ್ಬರು ಮಕ್ಕಳ ಮೌನದಿಂದ ಅದು ಅರವತ್ತು ವರ್ಷ ಬಾಳಿತು. ನಮ್ಮ ಕಥೆಗಳಲ್ಲಿ ಇಂಥ ಸುಳ್ಳುಗಾರರು ಬರುವುದೇ ಇಲ್ಲ.

ಮಗ ಕಿಂಗ್ಸ್‌ಲಿ 1918ರಲ್ಲಿ, ತಮ್ಮ ಇನ್ನೆಸ್ ಮರುವರ್ಷ ತೀರಿಕೊಂಡರು, ಆ ದುಃಖದಲ್ಲಿ ಡಾಯ್ಲ್ ಹೀಗಾದರು ಎಂದು ಹೇಳುವುದುಂಟು. ಅಷ್ಟು ಸುಲಭವಲ್ಲ. ಪ್ರೇತಗಳೊಂದಿಗೆ ಮಾತನಾಡಬಹುದೆಂಬ ನಂಬಿಕೆಯನ್ನು ಅವರು 1916ರಲ್ಲೇ ಬಹಿರಂಗವಾಗಿ ಸಾರಿದ್ದರು. ನನಗೆ ನೆನಪಾಗುವುದು ಅವರ ತಂದೆ ಚಾರ್ಲ್ಸ್ ಡಾಯ್ಲ್. ಕುಡಿತಕ್ಕೆ ಬಿದ್ದು ಹುಚ್ಚಾಸ್ಪತ್ರೆಯಲ್ಲಿ ದಿನ ಕಳೆದ ಆ ಚಿತ್ರಗಾರ ಅಲ್ಲಿ ಕೂತು ಬರೆದದ್ದರಲ್ಲಿ ಕಿನ್ನರಿಯರೂ ಇದ್ದರು. ಅವರಣ್ಣ ರಿಚರ್ಡ್ ಕಿನ್ನರಿಯರ ಚಿತ್ರಕ್ಕೇ ಹೆಸರಾದವರು. ಕಿನ್ನರಿಯರು ನಿಜವಾದರೆ ಅಪ್ಪ ಹುಚ್ಚನಲ್ಲ. ಇದು ಊಹೆ ಮಾತ್ರ, ನಾನೂ ಕಥೆ ಕಟ್ಟುವವಳೇ ತಾನೆ, ಎಚ್ಚರವಿರಲಿ.

ಊಹೆ ಬೇಡದ ಸಂಗತಿ ಇನ್ನೊಂದಿದೆ. ಜಾದೂಗಾರ ಹ್ಯಾರಿ ಹೂಡಿನಿ ಡಾಯ್ಲ್ ಅವರ ಗೆಳೆಯ. ತೀರಿಕೊಂಡ ತಾಯಿಯನ್ನು ನೆನೆದು ಕೊರಗುತ್ತಿದ್ದವರು. 1922ರ ಜೂನಿನಲ್ಲಿ ಅಟ್ಲಾಂಟಿಕ್ ಸಿಟಿಯ ಹೋಟೆಲಿನಲ್ಲಿ ಲೇಡಿ ಡಾಯ್ಲ್ ಪೆನ್ಸಿಲ್ ಹಿಡಿದು ಮೈಮೇಲೆ ಬಂದವರಂತೆ ಹಾಳೆ ಹಾಳೆ ಬರೆದರು, ಅದು ಹೂಡಿನಿಯ ತಾಯಿಯ ಪತ್ರ ಎಂದರು. ಪತ್ರ ಇಂಗ್ಲಿಷಿನಲ್ಲಿತ್ತು, ಮೇಲ್ಗಡೆ ಶಿಲುಬೆಯ ಗುರುತಿತ್ತು. ಹೂಡಿನಿಯ ತಾಯಿ ಯೆಹೂದಿ ಪುರೋಹಿತರ ಹೆಂಡತಿ, ಇಂಗ್ಲಿಷಿನಲ್ಲಿ ಮಾತಾಡುತ್ತಿರಲಿಲ್ಲ. ಡಾಯ್ಲ್ ಅಲುಗಲಿಲ್ಲ. ಶಿಲುಬೆ ಹಾಕುವುದು ನನ್ನ ಹೆಂಡತಿಯ ಅಭ್ಯಾಸ, ಪರಲೋಕದಲ್ಲಿ ಭಾಷೆಯ ತೊಡಕಿಲ್ಲ ಎಂಬ ಸಮಾಧಾನ ಅವರ ಬಳಿ ಸಿದ್ಧವಿತ್ತು. ಹೂಡಿನಿ ತಮ್ಮದೆಲ್ಲ ಬರೀ ಕೈಚಳಕ ಎಂದು ಎಷ್ಟು ಹೇಳಿದರೂ, ಅವರಿಗೆ ನಿಜವಾದ ದಿವ್ಯಶಕ್ತಿಯಿದೆ ಎಂದೇ ಡಾಯ್ಲ್ ಕೊನೆಯವರೆಗೂ ವಾದಿಸಿದರು. ಜಾರ್ಜ್ ಜೈಲಿನಲ್ಲಿದ್ದಾಗಲೇ ಇನ್ನೊಂದು ಕುದುರೆ ಸತ್ತರೆ ಅದು ಗ್ಯಾಂಗಿನ ಕೆಲಸ ಎಂದ ಸ್ಟಾಫರ್ಡ್‌ಷೈರಿನವರನ್ನು ಒಮ್ಮೆ ನೆನೆಯಿರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಎದುರು ನಾಲ್ಕನೆಯ ಕಾಲನ್ನು ಎತ್ತಿ ತೋರಿಸಿದರೂ ಅದಕ್ಕೊಂದು ಉತ್ತರ ಅವನ ಬಳಿ ಇದ್ದೇ ಇರುತ್ತದೆ. ಮೂರ್ಖನ ಉತ್ತರ ಬೇಗ ಮುಗಿದುಹೋಗುತ್ತದೆ. ಬುದ್ಧಿವಂತನದು ಮುಗಿಯುವುದೇ ಇಲ್ಲ.

ಡಾಯ್ಲ್ ಅವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಅದೂ ಬಹಳ ಮೊದಲೇ. 1893ರಲ್ಲಿ ಅವರು ‘ದಿ ಯೆಲ್ಲೋ ಫೇಸ್’ ಎಂಬ ಕಥೆ ಬರೆದರು. ಹೋಮ್ಸ್ ಸಂಪೂರ್ಣವಾಗಿ ತಪ್ಪುವ ಕಥೆ. ನಾರ್ಬರಿಯ ವ್ಯಾಪಾರಿಯೊಬ್ಬನ ಹೆಂಡತಿ ರಾತ್ರಿ ಕದ್ದು ಎದುರಿನ ಮನೆಗೆ ಹೋಗುತ್ತಾಳೆ. ಆ ಮನೆಯ ಮಹಡಿಯ ಕಿಟಕಿಯಲ್ಲಿ ಜೀವಕಳೆಯಿಲ್ಲದ ಹಳದಿ ಮುಖವೊಂದು ಕಾಣುತ್ತದೆ. ಹೋಮ್ಸ್ ಕೂತಲ್ಲೇ ಒಂದು ಸಿದ್ಧಾಂತ ಕಟ್ಟುತ್ತಾನೆ. ಬರೀ ಊಹೆಯಲ್ಲವೇ ಎಂದು ವಾಟ್ಸನ್ ಕೇಳಿದರೆ, ಗೊತ್ತಿರುವ ಸಂಗತಿಗಳಿಗೆಲ್ಲ ಹೊಂದುತ್ತದಲ್ಲ, ಹೊಂದದ್ದು ಸಿಕ್ಕಾಗ ಮತ್ತೆ ನೋಡೋಣ ಎನ್ನುತ್ತಾನೆ. ಆಮೇಲೆ ಆ ಮನೆಗೇ ಹೋಗಿ ಮಹಡಿ ಹತ್ತಿ ಬಾಗಿಲು ತೆರೆಯುತ್ತಾರೆ. ಮುಂದೆ ಎಲ್ಲಿಯಾದರೂ ನಾನು ಹೆಚ್ಚು ಜಂಬ ಪಟ್ಟರೆ ನಾರ್ಬರಿ ಎಂದು ಕಿವಿಯಲ್ಲಿ ಹೇಳು ಎಂದು ಹೋಮ್ಸ್ ವಾಟ್ಸನ್‌ಗೆ ಹೇಳುವುದು ಈ ಕಥೆಯ ಕೊನೆಯಲ್ಲೇ. ಡಾಯ್ಲ್ ಅವರ ಪಕ್ಕ ಕೂತು ಆ ಮಾತು ಹೇಳುವ ವಾಟ್ಸನ್ ಇರಲಿಲ್ಲ, ಅಥವಾ ಇದ್ದ ಹೂಡಿನಿಯ ಮಾತನ್ನು ಅವರು ಕೇಳಲಿಲ್ಲ.

ಹೋಮ್ಸ್ ಅಭಿಮಾನಿಗಳ ಮೆಚ್ಚಿನ ಪಟ್ಟಿಯಲ್ಲಿ ಈ ಕಥೆ ಮೇಲೆ ಬರುವುದನ್ನು ನಾನು ಕಂಡಿಲ್ಲ. ನಿಮ್ಮ ಬಳಗ ಮುಂದಿನ ಸಲ ಸೇರಿದಾಗ ಇದನ್ನೇ ಓದಿ, ಆದರೆ ಹೋಮ್ಸ್ ತನ್ನ ಸಿದ್ಧಾಂತ ಹೇಳಿ ಮುಗಿಸುವ ತನಕ ಮಾತ್ರ. ಅಲ್ಲಿಗೆ ಪುಸ್ತಕ ಮುಚ್ಚಿ. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ತಮ್ಮ ಊಹೆ ಬರೆಯಿರಿ. ಕೆಳಗೆ, ಏನು ಕಂಡುಬಂದರೆ ಈ ಊಹೆಯನ್ನು ಕೈಬಿಡುತ್ತೇನೆ ಎನ್ನುವುದನ್ನೂ ಬರೆಯಿರಿ. ಎರಡನೆಯ ಸಾಲು ಬರೆಯಲು ಯಾರಿಗೆ ಹೆಚ್ಚು ಹೊತ್ತು ಬೇಕಾಯಿತೆಂದು ನನಗೆ ತಿಳಿಸಿ. ಬಾಗಿಲ ಹಿಂದೆ ಇದ್ದದ್ದು ಏನೆಂದು ನಾನು ಇಲ್ಲಿ ಹೇಳಲಾರೆ. ಕಸುಬಿನ ಮರ್ಯಾದೆ.

ಇಂತಿ ನಿಮ್ಮ,
ಒಬ್ಬ ಪತ್ತೇದಾರಿ ಕಥೆಗಾರ್ತಿ